ಸಹಾಯ ಬೇಕು: ಹೀಟ್ ಪಂಪ್ ಲೇಬಲ್‌ನಲ್ಲಿ 4.5, ನಮ್ಮ ಲೆಕ್ಕದಲ್ಲಿ 2.9

ಎಲ್ಲರಿಗೂ ನಮಸ್ಕಾರ. ಮನೆ ಬೆಚ್ಚಗಿಡಲು ಹೊರಗಿನ ಗಾಳಿಯಿಂದ ಶಾಖ ಎಳೆಯುವ ಹೀಟ್ ಪಂಪ್ ಹಾಕಿಸಿದ್ದೇವೆ. ಇಡೀ ಚಳಿಗಾಲ ಪ್ರತಿ ಭಾನುವಾರ ಎರಡೂ ಮೀಟರ್ ನೋಡಿ ಬರೆದಿಟ್ಟೆ. ಕೊಟ್ಟ ಶಾಖ 11,600 ಯೂನಿಟ್, ಎಳೆದ ಕರೆಂಟ್ 4,000 ಯೂನಿಟ್. ಭಾಗಿಸಿದರೆ 2.9. ಲೇಬಲ್‌ನಲ್ಲಿ ಎಸ್‌ಸಿಒಪಿ (ಒಂದು ಯೂನಿಟ್ ಕರೆಂಟ್‌ಗೆ ಎಷ್ಟು ಯೂನಿಟ್ ಶಾಖ ಅನ್ನೋ ಅನುಪಾತ) 4.5 ಅಂತಿದೆ. ನಿಜಕ್ಕೂ ಬೇಜಾರಾಗಿದೆ.

ಸಿಒಪಿ ಅಂದರೆ ಇದೇ ಅನುಪಾತದ ಆ ಹೊತ್ತಿನ ಲೆಕ್ಕ, ಎಸ್‌ಸಿಒಪಿ ಇಡೀ ಸೀಸನ್‌ನದು ಅನ್ನೋದು ಗೊತ್ತು. ಯುರೋಪಿನ ಇಎನ್ 14825 ಮಾನದಂಡದಲ್ಲಿ ಪಂಪ್ ಬಿಸಿ ಮಾಡಿ ಕಳಿಸುವ 35 ಡಿಗ್ರಿ ನೀರಿಗೆ ಒಂದು ಅಂಕಿ, 55 ಡಿಗ್ರಿ ನೀರಿಗೆ ಬೇರೆ ಅಂಕಿ. ನಾನು ನಂಬಿದ್ದು 35ರ ಅಂಕಿಯನ್ನು. ನಮ್ಮ ಹಳೇ ರೇಡಿಯೇಟರ್‌ಗಳಿಗೆ (ಬಿಸಿನೀರು ಹರಿದು ಕೋಣೆ ಬೆಚ್ಚಗಿಡುವ ಫಲಕಗಳು) ಹೋಗುತ್ತಿರುವ ನೀರು 52 ಡಿಗ್ರಿ! ನೀರು ಬಿಸಿಯಾದಷ್ಟೂ ಕಂಪ್ರೆಸರ್‌ಗೆ ಕೆಲಸ ಜಾಸ್ತಿ, ಅಲ್ವಾ? ಕೂರಿಸಿದವರು ಇದನ್ನು ಮೊದಲೇ ಹೇಳಬೇಕಿತ್ತು.

ಇನ್ನೊಂದು ವಿಷಯ. ಹೊರಗೆ 2 ಡಿಗ್ರಿ, ಜೊತೆಗೆ ಮಂಜು ಇದ್ದ ದಿನ ಹೊರಗಿನ ಯೂನಿಟ್‌ನ ರೆಕ್ಕೆಗಳ ಮೇಲೆ ಬಿಳಿ ಹಿಮ ಕಟ್ಟುತ್ತದೆ. ಸುಮಾರು 40 ನಿಮಿಷಕ್ಕೊಮ್ಮೆ ಫ್ಯಾನ್ ನಿಲ್ಲುತ್ತದೆ, ಹಬೆ ಏಳುತ್ತದೆ, ತೊಟತೊಟ ನೀರು ಸುರಿಯುತ್ತದೆ. ಹಿಮ ಕರಗಿಸಲು ಮನೆಯೊಳಗಿನ ಶಾಖವನ್ನೇ ವಾಪಸ್ ಎಳೆಯುತ್ತದಂತೆ. ಇಷ್ಟು ಬೇಗ ಬೇಗ ಆಗೋದು ಸರಿಯಾ?

ಹೊರಗಿನ ಚಳಿಗೆ ತಕ್ಕಂತೆ ನೀರಿನ ಬಿಸಿ ತಾನಾಗಿ ಬದಲಾಗುವ ಸೆಟ್ಟಿಂಗ್ ಆಫ್ ಆಗಿತ್ತು. ಆನ್ ಮಾಡಿ 45ಕ್ಕೆ ಇಳಿಸಲೇ? ಅಥವಾ ಮೊದಲು ದೊಡ್ಡ ರೇಡಿಯೇಟರ್ ಹಾಕಿಸಬೇಕಾ? ಹೀಟ್ ಪಂಪ್ ಒಳಗಿನ ಕರೆಂಟ್ ಹೀಟರ್ ಸುಮ್ನೆ ಆನ್ ಆಗುತ್ತಿದೆಯಾ ಅಂತ ಕಂಡುಹಿಡಿಯೋದು ಹೇಗೆ? ಹಳೇ ರೇಡಿಯೇಟರ್ ಇಟ್ಟುಕೊಂಡೇ 3.5 ದಾಟಿದವರಿದ್ದರೆ, ಏನು ಮಾಡಿದಿರಿ ಅಂತ ದಯವಿಟ್ಟು ವಿವರವಾಗಿ ಬರೆಯಿರಿ. ವಾರವಾರದ ಲೆಕ್ಕ ಬೇಕಿದ್ದರೆ ಹಾಕುತ್ತೇನೆ.