ಅವಳಿ ಮಕ್ಕಳಿಗೆ ಹಾಸ್ಟೆಲಾ, ಬಾಡಿಗೆ ಮನೆಯಾ? ಸಿಮ್ಸ್ ಆಡುವವರು ಅನುಭವ ಹೇಳಿ

ಸಂಪಿಗೆಮರ
ಸಂಸಾರ ನಡೆಸುವ ಕಂಪ್ಯೂಟರ್ ಆಟ ಸಿಮ್ಸ್ 4ರಲ್ಲಿ ನನ್ನ ಅವಳಿಗಳು ಗಿರಿ, ಗೌರಿ ಮೊನ್ನೆ ದೊಡ್ಡವರಾದರು. ಇಬ್ಬರಿಗೂ ಆಟದ ಫಾಕ್ಸ್‌ಬರಿ ಕಾಲೇಜಿನಲ್ಲಿ ಸೀಟು ಸಿಕ್ಕಿದೆ. ಅವನಿಗೆ ಫಿಸಿಕ್ಸ್, ಅವಳಿಗೆ ಕಂಪ್ಯೂಟರ್ ಸೈನ್ಸ್. ವಿಲೋ ಕ್ರೀಕ್ ಊರಿನ ಮನೆಯಲ್ಲಿ ಇರುವುದು ಇವರಿಬ್ಬರು, ಜೊತೆಗೆ ಅಮ್ಮಣ್ಣಿ ಅಜ್ಜಿ. ಕೈಯಲ್ಲಿ 14,300 ಸಿಮೋಲಿಯನ್ (ಆಟದ ದುಡ್ಡು) ಇದೆ. ಚೀಟ್ ಹಾಕುವುದಿಲ್ಲ. ಕ್ಯಾಂಪಸ್ ಹಾಸ್ಟೆಲ್, ಕಾಲೇಜು ಇರುವ ಬ್ರೈಟ್‌ಚೆಸ್ಟರ್ ಊರಿನ ಗಿಬ್ಸ್ ಹಿಲ್ ಬಡಾವಣೆಯಲ್ಲಿ ಮನೆ, ಇಲ್ಲಾ ಮನೆಯಿಂದಲೇ ಓಡಾಟ: ಯಾವುದು ವಾಸಿ? ಅಜ್ಜಿಯನ್ನು ಒಬ್ಬಳೇ ಬಿಡಲು ಮನಸ್ಸು ಬರುತ್ತಿಲ್ಲ. ಆಡಿದವರು ಹೇಳಿ.

ರಾತ್ರಿಪಾಳಿ
ಹಾಸ್ಟೆಲ್ ಬೇಡ. ನಾನು ಅನುಭವಿಸಿದ್ದೇನೆ.

ನನ್ನ ಸರೋಜಾ ಬ್ರೈಟ್‌ಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಸಾಹಿತ್ಯ ಓದಲು ಹೋದಳು. ಟರ್ಮಿಗೆ ನಾಲ್ಕು ಕ್ಲಾಸ್ ತಗೊಂಡರೆ ಮೂರೇ ಟರ್ಮಿನಲ್ಲಿ ಹನ್ನೆರಡೂ ಮುಗಿಯುತ್ತೆ ಅಂತ ಲೆಕ್ಕ ಹಾಕಿದೆ. ನಾನು ಆರಿಸಿದ ಹಾಸ್ಟೆಲಿನಲ್ಲಿ ಅವಳ ಮಹಡಿಗೆ ಬಾತ್‌ರೂಮ್ ಎರಡೇ. ಬುಧವಾರ ಬೆಳಗ್ಗೆ 8:40. ಸರೋಜಾ ಬಾಗಿಲ ಹೊರಗೆ ಕಾಲು ಕಾಲು ಬಡಿಯುತ್ತಾ ನಿಂತಿದ್ದಾಳೆ. ಒಳಗೆ ಒಬ್ಬ ಶವರ್‌ನಲ್ಲಿ ಹಾಡುತ್ತಾ ಇದ್ದಾನೆ. ಇನ್ನೊಂದರಲ್ಲಿ ಒಬ್ಬಳು ಕನ್ನಡಿ ಮುಂದೆ ತನ್ನ ಜೊತೆ ತಾನೇ ಮಾತಾಡುತ್ತಾ ಇದ್ದಾಳೆ. ನಾನು ಒಂದರಿಂದ ಇನ್ನೊಂದಕ್ಕೆ ಕ್ಲಿಕ್ ಮಾಡಿದ್ದೇ ಬಂತು. ಹುಡುಗಿ ಅಲ್ಲೇ ಕಾರಿಡಾರಿನಲ್ಲಿ ಒದ್ದೆ ಮಾಡಿಕೊಂಡಳು. ಆ ಅವಮಾನ ಹೊತ್ತುಕೊಂಡೇ ಕ್ಲಾಸಿಗೆ ಹೋದಳು.

ಅಷ್ಟಕ್ಕೇ ಮುಗಿಯಲಿಲ್ಲ. ಪರೀಕ್ಷೆಯ ಹಿಂದಿನ ರಾತ್ರಿ ಎರಡು ಗಂಟೆಗೆ ಪಕ್ಕದ ಕೋಣೆಯವನು ಸ್ಟೀರಿಯೋ ಹಾಕಿದ. ನಾನು ಆಫ್ ಮಾಡಿಸಿದೆ, ಅವನು ಆನ್ ಮಾಡಿದ. ಮೂರು ಸಲ. ನಾಲ್ಕರಲ್ಲಿ ಒಂದು ಕ್ಲಾಸ್ ಫೇಲ್. ಅದೇ ಕ್ಲಾಸಿಗೆ ಎರಡನೇ ಸಲ ಫೀಸು ಕಟ್ಟಿದೆ, ಮೂರು ಟರ್ಮಿನ ಓದು ನಾಲ್ಕಾಯಿತು. ಸಾಲ ತೀರುವ ಹೊತ್ತಿಗೆ ಅವಳಿಗೆ ಮಗುವೂ ಆಗಿತ್ತು.

ಕುಂದಾನಗರಿ
ರಾತ್ರಿಪಾಳಿ ಅವರೇ, ಹಾಸ್ಟೆಲಿನಲ್ಲಿ ಮಂಚ ಎಷ್ಟೋ ಅಷ್ಟು ಜನ. ನಾಲ್ಕು ಮಂಚ ತೆಗೆದಿದ್ದರೆ ನಾಲ್ಕು ಜನ ಕಡಿಮೆ ಇರುತ್ತಿದ್ದರು. ಇದು ಎಲ್ಲರಿಗೂ ಗೊತ್ತಿರುವ ವಿಷಯ.

ನಾನು ಗಿಬ್ಸ್ ಹಿಲ್‌ನಲ್ಲಿ ಮನೆ ಹಿಡಿದು ರೂಮ್‌ಮೇಟ್‌ಗಳನ್ನು ಇಟ್ಟುಕೊಂಡಿದ್ದೆ. ಫೋನಿನಲ್ಲಿ ಜಾಹೀರಾತು ಕೊಟ್ಟೆ, ಬಂದವರನ್ನು ಮಾತಾಡಿಸಿ ಆರಿಸಿದೆ. ಮೊದಲು ಬಂದವಳು ಎಲ್ಲರಿಗೂ ಅಡುಗೆ ಮಾಡಿಡುತ್ತಿದ್ದಳು. ಫ್ರಿಜ್ ತೆಗೆದರೆ ತಟ್ಟೆ ತುಂಬಾ ಊಟ. ಅವಳಿಂದಲೇ ನನ್ನ ಬಸು ಮೊದಲ ಟರ್ಮ್ ಪಾಸಾದ. ಎರಡನೆಯವನು ಮುಟ್ಟಿದ್ದೆಲ್ಲ ಹಾಳು ಮಾಡುವ ಗುಣದವನು. ಆ ಗುಣ ಮೊದಲು ಕಾಣುವುದಿಲ್ಲ, ಒಳಗೆ ಬಂದ ಮೇಲೆ ಗೊತ್ತಾಗುವುದು. ಸೋಮವಾರ ಸಿಂಕ್, ಮಂಗಳವಾರ ಟಿ.ವಿ., ಗುರುವಾರ ಮತ್ತೆ ಸಿಂಕ್. ಬಸು ಹೋಂವರ್ಕ್ ಬಿಟ್ಟು ಪಾನಾ ಹಿಡಿದು ನೀರಿನಲ್ಲಿ ಕೂತ.

ಅವನು ಕೊಟ್ಟ ಬಾಡಿಗೆ ಅವನ ರಿಪೇರಿಗೇ ಹೋಯಿತು. ಹಾಗಾಗಿ ವಾರದ ಬಿಲ್ ಕಟ್ಟುವುದು ತಪ್ಪಿತು. 1,140 ಸಿಮೋಲಿಯನ್, ನನ್ನ ಹತ್ತಿರ 980. ಬರೀ 160 ಕಡಿಮೆ! ಕರೆಂಟ್ ಹೋಯಿತು. ಕಂಪ್ಯೂಟರಿನಲ್ಲಿ ಟರ್ಮ್ ಪೇಪರ್ ಅರ್ಧ ಬರೆದಿತ್ತು. ಗಿಟಾರ್ ಮಾರಿ ಬಿಲ್ ಕಟ್ಟಿ ಕರೆಂಟ್ ಬರುವಷ್ಟರಲ್ಲಿ ಶನಿವಾರ ಸಂಜೆ. ಕೊನೆಗೆ ಅವನನ್ನು ಹೊರಗೆ ಹಾಕಿದೆ. ಆದರೂ ಹೇಳುತ್ತೇನೆ, ಸ್ವಂತ ಬಾಗಿಲು ಸ್ವಂತ ಬಾಗಿಲೇ. ಹಾಸ್ಟೆಲ್‌ಗಿಂತ ನೂರು ಪಾಲು ಮೇಲು.

ನೀಲಿಛತ್ರಿ
ಸಂಪಿಗೆಮರ ಅವರ ಅಜ್ಜಿ ವಿಷಯ ಓದಿ ಹೊಟ್ಟೆಯಲ್ಲಿ ಸಂಕಟ ಆಯ್ತು.

ನನ್ನದು ಐದು ತಲೆಮಾರಿನ ಸಂಸಾರ. 2022ರ ಅಕ್ಟೋಬರಿನಲ್ಲಿ ಆಟ ಎಲ್ಲರಿಗೂ ಉಚಿತ ಆದಾಗ ಶುರು ಮಾಡಿದ್ದು, ಆಮೇಲೆ ಆಟಕ್ಕೆ ಸೇರಿಸುವ ವಿಶ್ವವಿದ್ಯಾಲಯದ ಪ್ಯಾಕ್ ಕೊಂಡೆ. ಮೊಮ್ಮಗಳು ಶಾರಿಯನ್ನು ಫಾಕ್ಸ್‌ಬರಿ ಹಾಸ್ಟೆಲಿಗೆ ಕಳಿಸಿದೆ. ಅಜ್ಜಿ ರಂಗಮ್ಮ ಊರಿನಲ್ಲೇ ಉಳಿದಳು. ಕಳಿಸಿದ ಕೂಡಲೇ ಸಂಸಾರ ಎರಡಾಗುತ್ತೆ ಅನ್ನುವುದು ನನಗೆ ತಲೆಗೆ ಹೋಗಿರಲಿಲ್ಲ. ನಾನು ಶಾರಿ ಜೊತೆ ಇದ್ದಷ್ಟು ದಿನ ಅಲ್ಲಿ ರಂಗಮ್ಮನಿಗೆ ವಯಸ್ಸು ಓಡುತ್ತಾ ಇತ್ತು.

ಎರಡನೇ ಟರ್ಮಿನ ಮಧ್ಯೆ, ಶಾರಿ ರೋಬಾಟ್ ಮೇಜಿನ ಮುಂದೆ ನಿಂತು ಕೆಲಸ ಮಾಡುತ್ತಿದ್ದಾಗ, ಪರದೆಯ ಮೂಲೆಯಲ್ಲಿ ಸುದ್ದಿ ಬಂತು. ರಂಗಮ್ಮ ಹೋದಳು ಅಂತ. ಶಾರಿ ಕೈಯಲ್ಲಿದ್ದದ್ದು ಬಿಟ್ಟು ಅತ್ತಳು. ನಾನೂ ಅತ್ತೆ. ಊರಿಗೆ ಹೋಗಿ ನೋಡಿದರೆ ಅಜ್ಜಿ ನೆಟ್ಟ ಸೇಬಿನ ಗಿಡ ಮಾತ್ರ ಇತ್ತು. ಅಜ್ಜಿಯನ್ನು ಬಿಟ್ಟು ಹೋಗಬೇಡಿ.

ರಾತ್ರಿಪಾಳಿ
ಕುಂದಾನಗರಿ ಅವರೇ, "ಎಲ್ಲರಿಗೂ ಗೊತ್ತಿರುವ ವಿಷಯ" ಅಂದ್ರಲ್ಲ. ನನಗೆ ಗೊತ್ತಿರಲಿಲ್ಲ. ಒಂದು ಟರ್ಮ್ ಕಳೆದುಕೊಂಡವರ ಹತ್ತಿರ ಮಾತಾಡುವ ರೀತಿನಾ ಇದು? ರೂಮ್‌ಮೇಟ್‌ನ ಹೊರಗೆ ಹಾಕಲು ನಿಮಗೆ ಎರಡು ವಾರ ಬೇಕಾಯಿತು. ನೀವು ನನಗೆ ಬುದ್ಧಿ ಹೇಳುತ್ತೀರಾ.

ಹಳೇಸಿಡಿ
ಇದಕ್ಕೇ ನಾನು ಸಿಮ್ಸ್ 2 ಬಿಟ್ಟಿಲ್ಲ. ವಿಶ್ವವಿದ್ಯಾಲಯದ ಪ್ಯಾಕ್ 2005ರಲ್ಲಿ ಬಂದಾಗ ನಾನು ಪಿ.ಯು. ಹುಡುಗ. ಆಗ ಆಡಿದ್ದನ್ನೇ ಈಗಲೂ ಆಡುತ್ತಿದ್ದೇನೆ. 2025ರ ಜನವರಿಯಲ್ಲಿ ಮತ್ತೆ ಬಿಡುಗಡೆ ಮಾಡಿದ್ದಾರೆ, ಹೊಸ ಲ್ಯಾಪ್‌ಟಾಪಿನಲ್ಲೂ ಓಡುತ್ತೆ.

ಅದರಲ್ಲಿ ಹಾಸ್ಟೆಲ್ ಅಂದರೆ ಹಾಸ್ಟೆಲ್. ಒಂದು ಬಾಗಿಲು ನಿಮ್ಮದು ಅಂತ ಹಿಡಿದರೆ ಆ ಕೋಣೆಗೆ ಬೇರೆಯವನು ಕಾಲಿಡುವಂತಿಲ್ಲ. ಅಡುಗೆಯವನು ಮೂರು ಹೊತ್ತು ಬೇಯಿಸಿ ಹಾಕುತ್ತಾನೆ, ಒಂದು ಕಾಸು ಕೊಡಬೇಕಿಲ್ಲ. ಒಂದು ಸೆಮಿಸ್ಟರ್ ಅಂದರೆ 72 ಗಂಟೆ, ಒಟ್ಟು ಎಂಟು. ನನ್ನ ಶಂಕರ ಎರಡನೇ ಸೆಮಿಸ್ಟರಿನಲ್ಲಿ ಗ್ರೀಕ್ ಹೌಸ್ (ವಿದ್ಯಾರ್ಥಿ ಸಂಘದ ಮನೆ) ಸೇರುವ ಆಸೆಗೆ ಬಿದ್ದು ಗೆಳೆಯರ ಹಿಂದೆ ತಿರುಗಿದ. ಪ್ರೊಬೇಷನ್ ಪತ್ರ ಬಂತು. ಇನ್ನೊಂದು ಸಲ ಫೇಲಾದರೆ ಮನೆಗೆ. ಅಲ್ಲಿಂದ ನಾನು ಅವನನ್ನು ಕೋಣೆ ಬಿಟ್ಟು ಕದಲಲು ಬಿಡಲಿಲ್ಲ. ಮೂರನೇ ಸೆಮಿಸ್ಟರ್ ಎ ಪ್ಲಸ್, ಕೈಗೆ 1,200 ಸಿಮೋಲಿಯನ್. ನಾಲ್ಕನೆಯದೂ ಎ ಪ್ಲಸ್, ಇನ್ನೂ 1,200. ಐದನೆಯದರಲ್ಲಿ ಬಿ.

ಮುಖ್ಯವಾದ ಮಾತು: ನೀವು ಕಾಲೇಜಿನಲ್ಲಿ ಇರುವಷ್ಟು ದಿನ ಊರಿನವರಿಗೆ ಒಂದು ದಿನವೂ ವಯಸ್ಸಾಗುವುದಿಲ್ಲ. ಎಂಟು ಸೆಮಿಸ್ಟರ್ ಮುಗಿಸಿ ಬಂದ ಶಂಕರನಿಗೆ ಅವನ ಅಜ್ಜ ಹೋಗುವಾಗ ಇದ್ದ ಕುರ್ಚಿಯಲ್ಲೇ ಸಿಕ್ಕ.

ಕುಂದಾನಗರಿ
ಹಳೇಸಿಡಿ ಸರ್, ಅವರು ಕೇಳಿದ್ದು ಸಿಮ್ಸ್ 4ರ ಬಗ್ಗೆ. ಪ್ರತಿ ಸಲ ಅದೇ 2005ರ ಪುರಾಣ ಯಾಕೆ?

ನೀಲಿಛತ್ರಿ ಅಕ್ಕಾ, ನಿಮ್ಮ ಅಜ್ಜಿಯನ್ನು ಉಳಿಸಬಹುದಿತ್ತು. ಸೆಟ್ಟಿಂಗ್‌ನಲ್ಲಿ ವಯಸ್ಸಾಗುವುದನ್ನು ಈಗ ಆಡುತ್ತಿರುವ ಮನೆಗೆ ಮಾತ್ರ ಅಂತ ಇಟ್ಟಿದ್ದರೆ ಸಾಕಿತ್ತು. ಒಂದು ಕ್ಲಿಕ್.

ನೀಲಿಛತ್ರಿ
ಈಗ ಗೊತ್ತು ಮಾರಾಯರೇ. ಹೋದ ಮೇಲೆ ಗೊತ್ತಾಯಿತು. ರಂಗಮ್ಮ ಮಗುವಾಗಿದ್ದಾಗಿಂದ ನಾನು ಅವಳನ್ನು ಆಡಿಸಿದ್ದೆ. ನನ್ನ ಸ್ವಂತ ಅಜ್ಜಿಯ ಸೀರೆ ಬಣ್ಣವನ್ನೇ ಹುಡುಕಿ ಅವಳಿಗೆ ಹಾಕಿದ್ದೆ. ಒಂದು ಕ್ಲಿಕ್ ಅಂತ ಹೇಳಿಸಿಕೊಳ್ಳಲು ನಾನು ಇಲ್ಲಿ ಬರೆದಿಲ್ಲ.

ಮಳೆಮಣಿಪಾಲ
ಇಷ್ಟೆಲ್ಲ ಒದ್ದಾಟ ಯಾಕೆ ಅಂತ. ಮದರ್‌ಲೋಡ್ ಚೀಟ್ ಹಾಕಿ, ಒಂದು ಸಲಕ್ಕೆ 50,000 ಬರುತ್ತೆ. ಗಿಬ್ಸ್ ಹಿಲ್‌ನಲ್ಲಿ ಒಳ್ಳೆ ಮನೆ, ಆರು ಬಾತ್‌ರೂಮ್. ನಾನು ಹಾಗೇ ಮಾಡಿದ್ದು, ನನ್ನ ಹುಡುಗಿ ಮೂರು ಟರ್ಮಿನಲ್ಲಿ ಪಾಸ್.

ರಾತ್ರಿಪಾಳಿ
ಚೀಟ್ ಹಾಕುವುದಿಲ್ಲ ಅಂತ ಮೊದಲೇ ಬರೆದಿದ್ದಾರೆ, ಓದಿ. ಬಿಟ್ಟಿ ದುಡ್ಡಿನಲ್ಲಿ ಬಂದ ಪದವಿ ಪದವಿನಾ? ನನ್ನ ಸರೋಜಾ ಸಾಲ ಮಾಡಿ ಓದಿದಳು.

ಮಳೆಮಣಿಪಾಲ
ನಿಜ ಜೀವನದಲ್ಲಿ ಸಾಲ ಮಾಡಿ ಓದಿದ್ದೇನೆ ರೀ. ಬೆಂಗಳೂರಿನ ಒಂದು ಪಿ.ಜಿ.ಯಲ್ಲಿ ಎರಡು ವರ್ಷ, ಒಂದು ಕೋಣೆಗೆ ಮೂವರು. ಬೆಳಗ್ಗೆ ಆರಕ್ಕೆ ಬಕೆಟ್ ಸಾಲಿನಲ್ಲಿ ಇಟ್ಟು ಬಂದು ಹಲ್ಲುಜ್ಜಬೇಕು. ಏಳೂವರೆ ಆದ ಮೇಲೆ ಬಿಸಿನೀರಿಲ್ಲ. ವಾರಕ್ಕೆ ನಾಲ್ಕು ದಿನ ಅದೇ ಚಿತ್ರಾನ್ನ, ಒಗ್ಗರಣೆಯಲ್ಲಿ ಕಡಲೆಬೀಜ ಎಣಿಸಬಹುದು. ಅಡ್ವಾನ್ಸ್ ವಾಪಸ್ ಕೇಳಿದರೆ ಬಣ್ಣ ಹೊಡೆಸಿದ್ದಕ್ಕೆ ಅಂತ ಹಿಡಿದುಕೊಂಡರು, ಗೋಡೆಗೆ ಬಣ್ಣ ಹೊಡೆದಿರಲೇ ಇಲ್ಲ. ರಾತ್ರಿ ಹತ್ತಕ್ಕೆ ಕಂಪ್ಯೂಟರ್ ಮುಂದೆ ಕೂತಾಗ ನನ್ನ ಹುಡುಗಿಗಾದರೂ ಸ್ವಂತ ಬಾತ್‌ರೂಮ್ ಇರಲಿ ಅಂತ ನನಗೆ ಆಸೆ. ಅದು ತಪ್ಪಾ?

ಹಳೇಸಿಡಿ
ತಪ್ಪಲ್ಲ ತಮ್ಮಾ. ಆದರೆ ಚಿತ್ರಾನ್ನವನ್ನು ಬೈಯಬೇಡ. ನಮ್ಮ ಹಾಸ್ಟೆಲಿನಲ್ಲಿ ಚಿತ್ರಾನ್ನದ ದಿನ ಅಂದರೆ ಹಬ್ಬ. ಉಳಿದ ದಿನದ ಸಾರು ನೋಡಿದ್ದರೆ ಹೀಗೆ ಹೇಳುತ್ತಿರಲಿಲ್ಲ.

ಕುಂದಾನಗರಿ
ಹಾಸ್ಟೆಲ್ ಬಗ್ಗೆ ಕೇಳಿದರೆ ಚಿತ್ರಾನ್ನಕ್ಕೆ ಬಂದು ನಿಂತಿತು. ರಾತ್ರಿಪಾಳಿ ಅವರೇ, ನನ್ನ ಮಾತು ಒರಟಾಯಿತು, ಒಪ್ಪುತ್ತೇನೆ. ಆದರೆ ಎರಡು ವಾರ ಅಲ್ಲ, ಒಂಬತ್ತು ದಿನಕ್ಕೇ ಅವನನ್ನು ಹೊರಗೆ ಹಾಕಿದೆ. ಲೆಕ್ಕ ಸರಿ ಇರಲಿ.

ಸಂಪಿಗೆಮರ
ಎಲ್ಲರಿಗೂ ಧನ್ಯವಾದ. ಆದರೆ ನನ್ನ ಪ್ರಶ್ನೆ ಹಾಗೇ ಉಳಿಯಿತು. ಮನೆಯಿಂದಲೇ ಓಡಾಡಿಸಿದವರು ಯಾರಾದರೂ ಇದ್ದೀರಾ? ಅಜ್ಜಿಯನ್ನು ಹಾಸ್ಟೆಲಿಗೇ ಕರೆದುಕೊಂಡು ಹೋಗಲು ಆಗುತ್ತಾ?

ಹೊಂಗೆನೆರಳು
ನಾನು ಮೂವರನ್ನು ಮನೆಯಿಂದಲೇ ಓದಿಸಿದ್ದೇನೆ. ಬೇರೆ ಊರಿನ ಮನೆಯಿಂದ ಹೊರಟರೆ ಹುಡುಗರು ಬೀದಿ ಬದಿಗೆ ಹೋಗಿ ಮಾಯ. ಅಲ್ಲೇ ಕ್ಲಾಸ್ ಶುರು. ಬ್ರೈಟ್‌ಚೆಸ್ಟರ್‌ನಲ್ಲೇ ಇದ್ದರೆ ಕಟ್ಟಡದವರೆಗೂ ನಡೆದುಕೊಂಡೇ ಹೋಗಬೇಕು. ನನ್ನ ದೊಡ್ಡವನು ಮೊದಲು ಹಾಸ್ಟೆಲಿನಲ್ಲಿ ಇದ್ದಾಗ ಪ್ರತಿ ಸಲ ಅರ್ಧ ದಾರಿಯಲ್ಲಿ ಯಾರನ್ನೋ ಮಾತಾಡಿಸಲು ನಿಲ್ಲುತ್ತಿದ್ದ. ಸೈಕಲ್ ಕೊಡಿಸಿದ ಮೇಲೆ ಸ್ವಲ್ಪ ಸರಿಹೋದ. ಮನೆಯಲ್ಲಿ ಕಷ್ಟ ಏನೆಂದರೆ ಅಡುಗೆ, ಬಿಲ್, ಸಿಂಕ್, ಎಲ್ಲ ನಿಮ್ಮ ತಲೆಗೇ. ನಾಲ್ಕು ಕ್ಲಾಸ್ ತಗೊಂಡ ಚಿಕ್ಕವಳು ಮೂರು ರಾತ್ರಿ ಸೋಫಾದಲ್ಲೇ ಮಲಗಿದಳು. ಮೂರೇ ತಗೊಳ್ಳಿ.

ಅಜ್ಜಿ ವಿಷಯ. ಹಾಸ್ಟೆಲಿಗೆ ವಿದ್ಯಾರ್ಥಿಗಳು ಮಾತ್ರ. ಆದರೆ ಅಜ್ಜಿಯೂ ವಿದ್ಯಾರ್ಥಿ ಆಗಬಹುದಲ್ಲ? ವಯಸ್ಸಾದವರೂ ಅರ್ಜಿ ಹಾಕಬಹುದು. ನನ್ನ ಆಟದ ಮಾವನವರು ಇತಿಹಾಸದ ಪದವಿ ತಗೊಂಡರು. ಗೌನ್ ಹಾಕಿಕೊಂಡ ಚಿತ್ರ ಇವತ್ತಿಗೂ ನಡುಮನೆ ಗೋಡೆ ಮೇಲಿದೆ.

ಸಂಪಿಗೆಮರ
ಹೌದಾ! ಇದು ಹೊಳೆದೇ ಇರಲಿಲ್ಲ. ಅಮ್ಮಣ್ಣಿಗೆ ಅಡುಗೆ ಕೌಶಲ ಹತ್ತು ಇದೆ. ಪಾಕಶಾಸ್ತ್ರಕ್ಕೆ ಅರ್ಜಿ ಹಾಕಿಸಲಾ?

ರಾತ್ರಿಪಾಳಿ
ಹಾಕಿಸಿ. ಆದರೆ ಬಾತ್‌ರೂಮ್ ಎಷ್ಟಿದೆ ಅಂತ ಎಣಿಸಿ ಹಾಸ್ಟೆಲ್ ಆರಿಸಿ.

ಕುಂದಾನಗರಿ
ಅಡುಗೆ ಹತ್ತಕ್ಕೆ ಹತ್ತು ಇರುವವಳಿಗೆ ಮತ್ತೆ ಅಡುಗೆ ಕಲಿಸುವುದಾ? ಜೀವಶಾಸ್ತ್ರ ಓದಿಸಿ, ಹೊಸದೇನಾದರೂ ಕಲಿಯಲಿ.

ನೀಲಿಛತ್ರಿ
ಅವಳಿಗೆ ಏನು ಇಷ್ಟವೋ ಅದು ಓದಲಿ. ಜೊತೆಯಲ್ಲಿ ಇರುತ್ತಾಳಲ್ಲ. ಸಂಪಿಗೆಮರ ಅವರೇ, ಹೋಗುವ ಮುಂಚೆ ಆಟ ಬೇರೆ ಹೆಸರಿನಲ್ಲಿ ಒಂದು ಸಲ ಸೇವ್ ಮಾಡಿಟ್ಟುಕೊಳ್ಳಿ. ಓದುವಾಗಲೂ ವಯಸ್ಸು ನಿಲ್ಲುವುದಿಲ್ಲ.

ಸಂಪಿಗೆಮರ
ಮಾಡಿದೆ ಅಕ್ಕಾ. ಅರ್ಜಿಯೂ ಹೋಯಿತು. ಅಮ್ಮಣ್ಣಿ ಈಗ ಅಂಚೆ ಪೆಟ್ಟಿಗೆ ಹತ್ತಿರವೇ ಗಿಡಕ್ಕೆ ನೀರು ಹಾಕುತ್ತಾ ನಿಂತಿದ್ದಾಳೆ.