ಎಂಜಿನ್ ಬಿಸಿ ಇದ್ದಾಗ ಸೆಲ್ಫ್ ತಗೊಳ್ಳುತ್ತಿಲ್ಲ: ಬ್ಯಾಟರಿ ಹೊಸದು, ಸ್ಟಾರ್ಟರ್ ರಿಪೇರಿ ಆಗಿದೆ

ಪ್ರಶ್ನೆ:

ನನ್ನದು ಹಳೆ ಪೆಟ್ರೋಲ್ ಕಾರು. ಕಾರ್ಬ್ಯುರೇಟರ್, ಪಾಯಿಂಟ್ ಇಗ್ನಿಷನ್. ಬೆಳಿಗ್ಗೆ ಕೀ ತಿರುಗಿಸಿದ ಕೂಡಲೇ ಸ್ಟಾರ್ಟ್ ಆಗುತ್ತದೆ. ಸ್ವಲ್ಪ ಹೊತ್ತು ಓಡಿಸಿ, ನಿಲ್ಲಿಸಿ, ಮತ್ತೆ ಕೀ ತಿರುಗಿಸಿದರೆ ಸೆಲ್ಫ್ ತಗೊಳ್ಳುವುದೇ ಇಲ್ಲ. ಒಮ್ಮೊಮ್ಮೆ ಸಣ್ಣದಾಗಿ ಒಂದು ‘ಟಿಕ್’, ಒಮ್ಮೊಮ್ಮೆ ಅದೂ ಇಲ್ಲ. ತಳ್ಳಿದರೆ ತಕ್ಷಣ ಸ್ಟಾರ್ಟ್. ಎಂಜಿನ್ ಆರುವವರೆಗೆ ಕಾದರೂ ಸ್ಟಾರ್ಟ್. ಬ್ಯಾಟರಿ ಹೊಸದು ಹಾಕಿಸಿದ್ದೇನೆ, ಸ್ಟಾರ್ಟರ್ ಬಿಚ್ಚಿಸಿ ರಿಪೇರಿ ಮಾಡಿಸಿದ್ದೇನೆ. ಈಗ ಹೊಸ ಸ್ಟಾರ್ಟರೇ ಬೇಕು ಅನ್ನುತ್ತಿದ್ದಾರೆ. ಹಾಕಿಸಲೇ?

ಉತ್ತರ:

ದಯವಿಟ್ಟು ಈಗಲೇ ಹಾಕಿಸಬೇಡಿ. ಇಲ್ಲಿಯವರೆಗೆ ಪಾರ್ಟ್ ಬದಲಾಗಿವೆ, ಅಳತೆ ಯಾರೂ ಮಾಡಿಲ್ಲ ಅಲ್ವಾ? ಒಂದು ಸಾದಾ ಮಲ್ಟಿಮೀಟರ್ ಸಾಕು.

ಮೊದಲು ಮೀಟರ್ ಇಲ್ಲದೆಯೇ ಒಂದು ಪರೀಕ್ಷೆ. ತೊಂದರೆ ಕೊಡುವ ಹೊತ್ತಿನಲ್ಲಿ ಕಾರಿನ ಒಳಗಿನ ಲೈಟ್ ಹಾಕಿಕೊಂಡು ಕೀ ತಿರುಗಿಸಿ. ಲೈಟ್ ತೀರಾ ಮಂಕಾದರೆ ಬ್ಯಾಟರಿ, ಅದರ ಟರ್ಮಿನಲ್, ದಪ್ಪ ಕೇಬಲ್ ಅಥವಾ ಸ್ಟಾರ್ಟರ್ ಕಡೆ ನೋಡಬೇಕು. ಲೈಟ್ ಹಾಗೇ ಉರಿಯುತ್ತಿದ್ದರೆ ಮೋಟಾರಿಗೆ ಕರೆಂಟೇ ಹೋಗುತ್ತಿಲ್ಲ ಎಂದರ್ಥ. ‘ಟಕಟಕಟಕ’ ಎಂದು ಬಡಿದುಕೊಂಡರೆ ಅದು ಸಾಮಾನ್ಯವಾಗಿ ಬ್ಯಾಟರಿ ಇಳಿದಿರುವುದರ ಅಥವಾ ಟರ್ಮಿನಲ್ ಸಡಿಲ ಇರುವುದರ ಲಕ್ಷಣ. ನೀವು ಹೇಳುವ ಒಂಟಿ ‘ಟಿಕ್’ ಬೇರೆ ಕಥೆ.

ಈಗ ಮೀಟರ್ ತೆಗೆದುಕೊಳ್ಳಿ. ಗೇರ್ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ. ಎಂಜಿನ್ ಸ್ಟಾರ್ಟ್ ಆಗದಂತೆ, ಪ್ಲಗ್‌ಗಳಿಗೆ ಕಿಡಿ ಕೊಡುವ ಇಗ್ನಿಷನ್ ಕಾಯಿಲ್‌ನ ಪ್ಲಸ್ ವೈರ್ ಕಳಚಿ, ತುದಿಗೆ ಟೇಪ್ ಸುತ್ತಿ. ಕೀ ತಿರುಗಿಸಲು ಇನ್ನೊಬ್ಬರು ಬೇಕು. ನಿಮ್ಮ ಕೈ, ಬಟ್ಟೆ ಫ್ಯಾನಿನಿಂದ ದೂರ ಇರಲಿ.

ಸುಮ್ನೆ ನಿಂತಾಗ ಬ್ಯಾಟರಿ 12.6 ವೋಲ್ಟ್ ಆಸುಪಾಸು ಇರಬೇಕು. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬೀಳಬಾರದು. ಆಮೇಲೆ ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ ಕಂಬಕ್ಕೆ, ಇನ್ನೊಂದನ್ನು ಎಂಜಿನ್ನಿನ ಬರಿ ಲೋಹಕ್ಕೆ ಒತ್ತಿ ಸೆಲ್ಫ್ ಹೊಡೆಸಿ. 0.2 ವೋಲ್ಟ್ ಒಳಗೆ ಬಂದರೆ ಅರ್ಥಿಂಗ್ ಸರಿ. ಪ್ಲಸ್ ಕಂಬದಿಂದ ಸ್ಟಾರ್ಟರಿನ ದಪ್ಪ ಬೋಲ್ಟಿಗೆ ಇದೇ ರೀತಿ ನೋಡಿದರೆ 0.5 ದಾಟಬಾರದು. ಈ ಎರಡು ಅಳತೆಗೆ ಮೋಟಾರ್ ತಿರುಗುತ್ತಿರಬೇಕು, ಹಾಗಾಗಿ ಎಂಜಿನ್ ತಣ್ಣಗಿದ್ದಾಗ ಮಾಡಿ. ಅರ್ಥಿಂಗ್ ಪಟ್ಟಿ ಹಾಳಾಗಿದ್ದರೆ ಕರೆಂಟ್ ಸಿಕ್ಕ ದಾರಿಯಲ್ಲಿ ವಾಪಸ್ ಹೋಗುತ್ತದೆ. ಆಕ್ಸಿಲರೇಟರ್ ಕೇಬಲ್, ಚೋಕ್ ಕೇಬಲ್ ಬಿಸಿಯಾಗಿ ಹೊಗೆ ಬರುವುದೂ ಉಂಟು.

ಕೊನೆಗೆ ಮುಖ್ಯವಾದದ್ದು. ಬಿಸಿ ಇದ್ದು ಸೆಲ್ಫ್ ತಗೊಳ್ಳದಿರುವಾಗ, ಕೀ ತಿರುಗಿಸಿ ಹಿಡಿದು, ಸೊಲೆನಾಯ್ಡಿನ (ಸ್ಟಾರ್ಟರ್ ಮೋಟಾರಿಗೆ ಕರೆಂಟ್ ಜೋಡಿಸುವ, ಕಾಯಿಲ್ ಎಳೆತದಿಂದ ಕೆಲಸ ಮಾಡುವ ಸ್ವಿಚ್) ಸಣ್ಣ ಟರ್ಮಿನಲ್‌ನಲ್ಲಿ ಎಷ್ಟು ವೋಲ್ಟ್ ಬರುತ್ತದೆ ನೋಡಿ. ಅಲ್ಲಿಂದ ಹಿಂದಕ್ಕೆ ಹೋಗುತ್ತಾ ಕೀ ಸ್ವಿಚ್ಚಿನ ಎರಡೂ ಕಡೆ ನೋಡಿ. ಓಮ್ಸ್‌ನಲ್ಲಿ ಅಳೆದು ‘ವೈರ್ ಸರಿ ಇದೆ’ ಎಂದು ಬಿಡಬೇಡಿ. ಮೀಟರ್ ಆಗ ಕಳಿಸುವ ಕರೆಂಟ್ ತೀರಾ ಕಡಿಮೆ. ಒಳಗಿನ ಎಳೆಗಳೆಲ್ಲ ತುಂಡಾಗಿ ಒಂದೇ ಎಳೆ ಉಳಿದಿದ್ದರೂ ಸೊನ್ನೆ ಹತ್ತಿರವೇ ತೋರಿಸುತ್ತದೆ. ಲೋಡ್ ಬಿದ್ದಾಗ ಮಾತ್ರ ನಿಜ ಗೊತ್ತಾಗುವುದು.

ಪ್ರಶ್ನೆ ಕೇಳಿದವರು:

ಅಳೆದೆ. ಸುಮ್ನೆ ನಿಂತಾಗ ಬ್ಯಾಟರಿ 12.6. ತಣ್ಣಗಿದ್ದಾಗ ಅರ್ಥಿಂಗ್ 0.1, ಪ್ಲಸ್ ಕೇಬಲ್ 0.3. ಬಿಸಿ ಇದ್ದು ಸೆಲ್ಫ್ ತಗೊಳ್ಳದಾಗ ಲೈಟ್ ಮಂಕಾಗಲೇ ಇಲ್ಲ. ಆಗ ಬ್ಯಾಟರಿ 12.3, ಕೀ ಸ್ವಿಚ್ಚಿಗೆ ಬರುವುದು 11.2, ಅಲ್ಲಿಂದ ಹೊರಡುವುದು 9.6, ಸೊಲೆನಾಯ್ಡಿನ ಸಣ್ಣ ಟರ್ಮಿನಲ್‌ನಲ್ಲಿ 7.8.

ಉತ್ತರ:

ಸಿಕ್ಕಿತು ನೋಡಿ. ನಿಮ್ಮ ಸ್ಟಾರ್ಟರ್ ಮೇಲೆ ಸುಮ್ನೆ ಅನುಮಾನ. ನಾಲ್ಕೂವರೆ ವೋಲ್ಟ್ ದಾರಿಯಲ್ಲೇ ಸೋರಿ ಹೋಗುತ್ತಿದೆ: ಸ್ವಿಚ್ಚಿಗೆ ಬರುವಷ್ಟರಲ್ಲಿ 1.1, ಸ್ವಿಚ್ಚಿನ ಒಳಗೆ 1.6, ಅಲ್ಲಿಂದ ಸೊಲೆನಾಯ್ಡಿಗೆ 1.8.

ಸೊಲೆನಾಯ್ಡ್ ಮೊದಲು ಎಳೆದುಕೊಳ್ಳುವ ಕ್ಷಣಕ್ಕೆ ಹತ್ತಾರು ಆಂಪಿಯರ್ ಬೇಡುತ್ತದೆ. ಹಳೆ ಕಾರುಗಳಲ್ಲಿ ಎಷ್ಟೋ ಕಡೆ ಇದಕ್ಕೆ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಮಾಡುವ ಸ್ವಿಚ್) ಇರುವುದಿಲ್ಲ. ಅಷ್ಟೂ ಕರೆಂಟ್ ಡ್ಯಾಶ್‌ಬೋರ್ಡ್‌ವರೆಗೆ ಹೋಗಿ, ಕೀ ಸ್ವಿಚ್ ದಾಟಿ, ವಾಪಸ್ ಎಂಜಿನ್ ಕಡೆ ಬರಬೇಕು. ದಾರಿಯ ಒಂದೊಂದು ಕನೆಕ್ಟರೂ ಸ್ವಲ್ಪ ಸ್ವಲ್ಪ ತಿಂದುಹಾಕುತ್ತದೆ.

ಹಾಗಾದರೆ ಬಿಸಿಯಲ್ಲೇ ಯಾಕೆ? ತಾಮ್ರದ ರೆಸಿಸ್ಟೆನ್ಸ್ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಶೇ. 0.39ರಷ್ಟು ಏರುತ್ತದೆ. ಸೊಲೆನಾಯ್ಡ್ ಎಂಜಿನ್ ಪಕ್ಕದಲ್ಲೇ ಕೂತಿರುತ್ತದೆ. ಅದರ ಕಾಯಿಲ್ 60 ಡಿಗ್ರಿ ಜಾಸ್ತಿ ಬಿಸಿಯಾದರೆ ರೆಸಿಸ್ಟೆನ್ಸ್ ಕಾಲು ಭಾಗದಷ್ಟು ಏರುತ್ತದೆ. ಆಗ ಅದೇ ಎಳೆತಕ್ಕೆ ಹೆಚ್ಚು ವೋಲ್ಟ್ ಬೇಕು, ನಿಮ್ಮ ಕಾರಿನಲ್ಲಿ ಬರುತ್ತಿರುವುದು ಬರಿ 7.8. ಎಂಜಿನ್ ಆಫ್ ಮಾಡಿದ ಮೇಲೆ ಗಾಳಿ ಆಡುವುದಿಲ್ಲ, ಸ್ವಲ್ಪ ಹೊತ್ತು ಆ ಜಾಗ ಇನ್ನೂ ಕಾಯುತ್ತದೆ. ಆದ್ದರಿಂದಲೇ ನಿಲ್ಲಿಸಿ ಸ್ವಲ್ಪ ಬಿಟ್ಟು ನೋಡಿದಾಗ ತೊಂದರೆ ಜಾಸ್ತಿ.

ಕೆಲಸ ಎರಡು. ಮೊದಲು ಬ್ಯಾಟರಿ ಮೈನಸ್ ಕಳಚಿ. ಎಂಜಿನ್ ಮತ್ತು ಕ್ಯಾಬಿನ್ ನಡುವಿನ ತಗಡಿನ ಗೋಡೆಯಲ್ಲಿರುವ ದೊಡ್ಡ ಕನೆಕ್ಟರ್ ಬಿಚ್ಚಿ. ಪಿನ್‌ಗಳ ಮೇಲೆ ಹಸಿರು ಕಿಲುಬು ಅಥವಾ ಪ್ಲಾಸ್ಟಿಕ್ ಕಂದಾಗಿದ್ದ ಗುರುತು ಇದ್ದೇ ಇರುತ್ತದೆ ಎಂದು ನನ್ನ ಅಂದಾಜು. ಕಾಂಟ್ಯಾಕ್ಟ್ ಕ್ಲೀನರ್ ಹಾಕಿ ಉಜ್ಜಿ. ಸುಟ್ಟ ಪಿನ್ ಇದ್ದರೆ ಬದಲಿಸಿ, ಉಜ್ಜಿ ಉಪಯೋಗವಿಲ್ಲ.

ಎರಡನೆಯದು ರಿಲೇ. ಸಾಮಾನ್ಯ ನಾಲ್ಕು ಕಾಲಿನ 12 ವೋಲ್ಟ್, 40 ಆಂಪಿಯರ್ ರಿಲೇ ಸಾಕು. ಸೊಲೆನಾಯ್ಡಿಗೆ ಈಗ ಬರುತ್ತಿರುವ ಸಣ್ಣ ವೈರನ್ನು ಅಲ್ಲಿಂದ ತೆಗೆದು ರಿಲೇಯ 86ಕ್ಕೆ ಕೊಡಿ. 85 ಬಾಡಿ ಅರ್ಥಿಗೆ. ಬ್ಯಾಟರಿ ಪ್ಲಸ್‌ನಿಂದ ಫ್ಯೂಸ್ ಹಾಕಿದ 4 ಚದರ ಮಿಲಿಮೀಟರ್ ವೈರ್ 30ಕ್ಕೆ, 87ರಿಂದ ಅದೇ ದಪ್ಪದ ವೈರ್ ಸೊಲೆನಾಯ್ಡಿಗೆ. ಫ್ಯೂಸ್ ಬ್ಯಾಟರಿಗೆ ಹತ್ತಿರವೇ ಇರಲಿ. ಇನ್ನು ಮೇಲೆ ಕೀ ಸ್ವಿಚ್ ಹೊರಬೇಕಾದದ್ದು ಒಂದು ಆಂಪಿಯರಿಗಿಂತಲೂ ಕಡಿಮೆ, ಅದರ ಆಯುಷ್ಯವೂ ಹೆಚ್ಚುತ್ತದೆ. ರಿಲೇಯನ್ನು ಸೈಲೆನ್ಸರ್ ಕೊಳವೆಯಿಂದ ದೂರ, ನೀರು ಬೀಳದ ಕಡೆ, ಕಾಲು ಕೆಳಮುಖವಾಗಿ ಕೂರಿಸಿ.

ಪ್ರಶ್ನೆ ಕೇಳಿದವರು:

ಕನೆಕ್ಟರಿನಲ್ಲಿ ಒಂದು ಪಿನ್ ಕಪ್ಪಾಗಿ ಪ್ಲಾಸ್ಟಿಕ್ ಕರಗಿತ್ತು, ಬದಲಿಸಿದೆ. ರಿಲೇ ಹಾಕಿದ ಮೇಲೆ ಬಿಸಿಯಲ್ಲೂ ತಕ್ಷಣ ಸೆಲ್ಫ್ ತಗೊಳ್ಳುತ್ತಿದೆ. ಸೆಲ್ಫ್ ಹೊಡೆಯುವಾಗ ಬ್ಯಾಟರಿ 10.7, ಸಣ್ಣ ಟರ್ಮಿನಲ್ 10.4. ತುಂಬಾ ಥ್ಯಾಂಕ್ಸ್. ಆದರೆ ಈಗೊಂದು ಹೊಸ ವಿಷಯ: ಎಂಜಿನ್ ತಿರುಗುತ್ತಲೇ ಇರುತ್ತದೆ, ಕೀ ಬಿಟ್ಟ ಕ್ಷಣಕ್ಕೆ ಹಿಡಿಯುತ್ತದೆ.

ಉತ್ತರ:

ಅದು ಬ್ಯಾಲಸ್ಟ್ ಬೈಪಾಸ್. ನಿಮ್ಮಂಥ ಎಷ್ಟೋ ಕಾರುಗಳಲ್ಲಿ ಸೆಲ್ಫ್ ಹೊಡೆಯುವಾಗ ಬ್ಯಾಲಸ್ಟ್ ರೆಸಿಸ್ಟರ್ (ಎಂಜಿನ್ ಓಡುವಾಗ ಇಗ್ನಿಷನ್ ಕಾಯಿಲಿಗೆ ಹೋಗುವ ವೋಲ್ಟ್ ತಗ್ಗಿಸುವ ಭಾಗ) ದಾಟಿ ಕಾಯಿಲಿಗೆ ನೇರ ವೋಲ್ಟ್ ಕೊಡಲು ಒಂದು ವೈರ್ ಇರುತ್ತದೆ. ಅದು ಸೊಲೆನಾಯ್ಡಿನ ಇನ್ನೊಂದು ಸಣ್ಣ ಟರ್ಮಿನಲ್‌ನಿಂದ ಅಥವಾ ಕೀ ಸ್ವಿಚ್ಚಿನಿಂದ ಬರುತ್ತದೆ. ರಿಲೇ ಕೂರಿಸುವಾಗ ಅದು ಕಳಚಿರಬಹುದು. ಕಾಯಿಲ್ ಪ್ಲಸ್‌ಗೆ ಮೀಟರ್ ಹಿಡಿದು ಸೆಲ್ಫ್ ಹೊಡೆಸಿ. ಬ್ಯಾಟರಿ ವೋಲ್ಟಿಗೆ ಹತ್ತಿರ ಬರದಿದ್ದರೆ ಆ ವೈರ್ ಹುಡುಕಿ ಕೂರಿಸಿ. ಇದರ ಉಲ್ಟಾ, ಅಂದರೆ ಸೆಲ್ಫ್ ಹೊಡೆಯುವಾಗ ಹಿಡಿದು ಕೀ ಬಿಟ್ಟ ಕೂಡಲೇ ಆರಿಹೋದರೆ, ಮೊದಲು ಬ್ಯಾಲಸ್ಟ್ ರೆಸಿಸ್ಟರೇ ಸುಟ್ಟಿದೆಯೇ ನೋಡಬೇಕು.