ಗರಿ ಬಿಡೋ ಟೈಮಲ್ಲಿ ಗಿಡುಗದ ತೂಕ ಇಳಿಸ್ಬಹುದಾ? ಡಾಕ್ಟ್ರಿಗೆ ಪ್ರಶ್ನೆ

ಪ್ರಶ್ನೆ (ಊರು ಜಗಳೂರು, ಈಗ ಶಾರ್ಜಾ):
ಡಾಕ್ಟ್ರೇ ನಮಸ್ಕಾರ. ನೀವು ದಾವಣಗೆರೆಯೋರು, ಈ ಕಡೆ ಹಕ್ಕಿ ಆಸ್ಪತ್ರೇಲಿ ಕೆಲಸ ಮಾಡಿದೋರು ಅಂತ ಗ್ರೂಪಲ್ಲಿ ಹೇಳಿದ್ರು, ಅದಕ್ಕೆ ಕೇಳ್ತಿದೀನಿ. ನಮ್ಮ ಮಾಲೀಕರ ಹತ್ರ ಹ್ಯಾರಿಸ್ ಹಾಕ್ ಅನ್ನೋ ಒಂದು ಬೇಟೆ ಗಿಡುಗ ಐತೆ, ಹೆಣ್ಣು, ಬೇಟೆ ಸೀಸನ್ನಲ್ಲಿ 900 ಗ್ರಾಂ ಇತ್ತು. ಈಗ ಸೀಸನ್ ಮುಗೀತು, ಗರಿ ಉದುರ್ತಾ ಐತೆ, ಕೈ ಮೇಲೆ ಕರೆದ್ರೆ ಬರ್ತಿಲ್ಲ. ಕಲಿತಿದ್ದು ಮರೆತುಬಿಡುತ್ತೆ ಅನ್ನೋ ಭಯಕ್ಕೆ, ಹಸಿವಾದ್ರೆ ಕೈಗೆ ಬರುತ್ತೆ ಅಂತ ನಾಲ್ಕು ದಿನದಿಂದ ಊಟ ಅರ್ಧ ಮಾಡಿದೀನಿ. ಹೊಸ ಗರಿ ಮೇಲೆ ಬ್ಲೇಡಲ್ಲಿ ಗೀರಿದಂಗೆ ಅಡ್ಡ ಗೆರೆ ಕಾಣ್ತೈತೆ, ಏನಿದು?

ಉತ್ತರ:
ತಮ್ಮಾ, ಮೊದಲು ಇವತ್ತೇ ಹೊಟ್ಟೆ ತುಂಬ ಊಟ ಹಾಕು, ಉಳಿದಿದ್ದು ಆಮೇಲೆ ಓದು. ಅದು ಹಸಿವಿನ ಗೆರೆ. ಗರಿ ಬೆಳೀತಿರೋವಾಗ ಊಟ ಕಡಿಮೆ ಆದ್ರೆ ಆ ಜಾಗದಲ್ಲಿ ಗರಿ ಸೊರಗುತ್ತೆ, ಮುಂದೆ ಹಾರೋವಾಗ ಅಲ್ಲೇ ಪಟಕ್ಕನೆ ಮುರಿಯುತ್ತೆ. ನಮ್ಮೂರ ಮೆಕ್ಕೆಜೋಳ ತೆನೆ ಕಟ್ಟೋ ಟೈಮಲ್ಲಿ ನೀರು ತಪ್ಪಿದ್ರೆ ಕಾಳು ಹೆಂಗಾಗುತ್ತೆ ನೋಡಿದೀಯಲ್ಲ, ಹಂಗೇ ಇದು. ಆಮೇಲೆ ಎಷ್ಟು ತಿನ್ನಿಸಿದ್ರೂ ಆ ಗೆರೆ ಹೋಗಲ್ಲ, ಮುಂದಿನ ವರ್ಷ ಆ ಗರಿ ಉದುರೋ ತನಕ ಇರುತ್ತೆ.

ಒಂದೊಂದು ರೆಕ್ಕೇಲಿ 10 ದೊಡ್ಡ ಗರಿ, ಬಾಲದಲ್ಲಿ 12, ಇವನ್ನೆಲ್ಲ ಹೊಸದಾಗಿ ಕಟ್ಟೋದೇ ಈ ಬೇಸಿಗೆ ಅದಕ್ಕಿರೋ ಕೆಲಸ, ಬೇರೆ ಕೆಲಸ ಹಚ್ಚಬೇಡ. ತೂಕ 1000 ದಾಟಿದ್ರೂ ಚಿಂತೆ ಇಲ್ಲ. ಮೂಳೆ ಪುಕ್ಕ ಸಮೇತ ಇಡೀ ಕ್ವೇಲ್ (ಲಾವಕ್ಕಿ) ಹಾಕು, ಬರೀ ಮಾಂಸದ ತುಂಡು ಹಾಕಿದ್ರೆ ಸುಣ್ಣದಂಶ ಸಿಗಲ್ಲ. ತಿಂದ ಪುಕ್ಕ ಮಾರನೇ ದಿನ ಉಂಡೆ ಆಗಿ ಬಾಯಿಂದ ಬರುತ್ತೆ, ಅದನ್ನ ನೋಡ್ತಾ ಇರು. ಪಾರಿವಾಳ ಹಾಕಬೇಡ, ಗಂಟಲಲ್ಲಿ ಹಳದಿ ಗಿಣ್ಣು ಕಟ್ಟಿದಂಗೆ ಆಗೋ ರೋಗ ಅದರಿಂದ ಬರುತ್ತೆ, ಹಿಂಗೆ ಒದ್ದಾಡಿದ ಹಕ್ಕಿಗಳನ್ನ ನಾನೇ ನೋಡಿದೀನಿ.

ಹೊಸ ಗರಿಯ ಬುಡ ನೀಲಿಯಾಗಿ ಮೆತ್ತಗಿರುತ್ತೆ, ಒಳಗೆ ರಕ್ತ ಇರುತ್ತೆ, ಒತ್ತಿದ್ರೆ ಮುರಿದು ರಕ್ತ ಬರುತ್ತೆ, ಅದಕ್ಕೇ ಸುಮ್ ಸುಮ್ನೆ ಹಿಡಿಬೇಡ. ಅಲ್ಲಿಯ ಬಿಸಿಲು ನಮ್ಮ ದುರ್ಗದ ಬಿಸಿಲಂಗಲ್ಲ, ಎಸಿ ರೂಮಲ್ಲೇ ಇರ್ಲಿ. ಅಗಲವಾದ ತಟ್ಟೇಲಿ ಸ್ನಾನಕ್ಕೆ ನೀರಿಡು. ಕೂರೋ ಕಡ್ಡಿಗೆ ಪ್ಲಾಸ್ಟಿಕ್ ಹುಲ್ಲಿನ ಮ್ಯಾಟ್ ಸುತ್ತು, ದಪ್ಪ ಆದ ಹಕ್ಕಿ ಗಟ್ಟಿ ಜಾಗದಲ್ಲಿ ಕೂತ್ರೆ ಅಂಗಾಲಲ್ಲಿ ಕೆಂಪಾಗಿ ಬಾವು ಬರುತ್ತೆ.

ಕಲಿತಿದ್ದು ಮರೆಯಲ್ಲ ಕಣೋ. ಊಟ ಇಡೋವಾಗ ದಿನಾ ಅದೇ ಸಿಳ್ಳೆ ಹೊಡಿ, ಅಷ್ಟು ಸಾಕು.

ಪ್ರಶ್ನೆ (ಹೊಳಲ್ಕೆರೆ):
ಸರ್, ನಮ್ಮ ತೆಂಗಿನ ತೋಟದಲ್ಲಿ ಶಿಕ್ರಾ (ಸಣ್ಣ ಗಿಡುಗ) ಮರಿ ಬಿದ್ದೈತೆ. ನಮ್ಮ ಹುಡುಗ ಸಾಕ್ತೀನಿ, ಟ್ರೈನಿಂಗ್ ಕೊಡ್ತೀನಿ ಅಂತ ಹಠ ಹಿಡಿದಾನೆ.

ಉತ್ತರ:
ಬೇಡ ಅಕ್ಕಾರೆ, ದಯವಿಟ್ಟು ಬೇಡ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ನಮ್ಮ ದೇಶದಲ್ಲಿ ಅದನ್ನ ಇಟ್ಕೊಳ್ಳೋದು ಅಪರಾಧ. ಏಟು ಬಿದ್ದಿಲ್ಲ ಅಂದ್ರೆ ಒಂದು ಬುಟ್ಟೀಲಿ ಒಣಹುಲ್ಲು ಹಾಕಿ ಗೂಡಿನ ಮರಕ್ಕೇ ಎತ್ತರದಲ್ಲಿ ಕಟ್ಟಿ ದೂರ ಬಂದ್ಬಿಡಿ, ಅಪ್ಪ ಅಮ್ಮ ಬಂದು ತಿನ್ನಿಸ್ತಾವೆ, ಮನುಷ್ಯ ಮುಟ್ಟಿದ್ರೆ ಬಿಟ್ಟು ಹೋಗ್ತಾವೆ ಅನ್ನೋದು ಸುಳ್ಳು. ಏಟಾಗಿದ್ರೆ ತೂತು ಮಾಡಿದ ರಟ್ಟಿನ ಡಬ್ಬೀಲಿಟ್ಟು ಅರಣ್ಯ ಇಲಾಖೆಯೋರಿಗೆ ಕೊಡಿ. ಹಾಲು ಅನ್ನ ತಿನ್ನಿಸೋಕೆ ಹೋಗ್ಬೇಡಿ, ಬಾಯಿಗೆ ನೀರೂ ಹುಯ್ಯಬೇಡಿ.

ಪ್ರಶ್ನೆ (ಜಗಳೂರು):
ಇವತ್ತು ಇಡೀ ಕ್ವೇಲ್ ತಿಂತು ಡಾಕ್ಟ್ರೇ. ಮತ್ತೆ ಟ್ರೈನಿಂಗ್ ಯಾವಾಗ ಶುರು ಮಾಡ್ಲಿ?

ಉತ್ತರ:
ಖುಷಿ ಆಯ್ತು ಕಣಪ್ಪ. ಕೊನೇ ಗರಿಯ ಬುಡದಲ್ಲಿ ನೀಲಿ ಹೋಗಿ ಒಣಗಿ ಬಿಳೀ ಆಗ್ಬೇಕು, ಹೆಚ್ಚು ಕಡಿಮೆ ಸೆಪ್ಟೆಂಬರ್ ಆಗುತ್ತೆ. ಆಮೇಲೆ ದಿನಾ ಒಂದೇ ಟೈಮಿಗೆ, ಊಟಕ್ಕೆ ಮುಂಚೆ ತೂಕ ಮಾಡ್ಕೊಂಡು ದಿನಕ್ಕೆ 10 ಗ್ರಾಂ ಹಂಗೆ ನಿಧಾನಕ್ಕೆ ಇಳಿಸು. ಮೊದಲು ನೆಲದಿಂದ ಕೈಗೆ ಹಾರಿಸು, ಆಮೇಲೆ ಉದ್ದ ದಾರ ಕಟ್ಟಿ, ಕರೆದ ತಕ್ಷಣ ಬರ್ತೈತೆ ಅನ್ನೋದು ಖಾತ್ರಿ ಆದ್ಮೇಲೆ ದಾರ ಬಿಚ್ಚು. ಉದುರಿದ ಗರಿ ಒಂದೂ ಬಿಸಾಕಬೇಡ, ಎಡ ಬಲ, ಎಷ್ಟನೇದು ಅಂತ ಬರೆದು ಕವರಲ್ಲಿಡು. ಆ ಗೆರೆ ಇರೋ ಗರಿ ಮುರಿದ್ರೆ ಹಳೇ ಗರಿಯನ್ನೇ ಅದಕ್ಕೆ ಜೋಡಿಸಬಹುದು, ಅಲ್ಲಿ ಆಸ್ಪತ್ರೆಗಳಲ್ಲಿ ಮಾಡ್ತಾರೆ.